ಓದು ಮುಗಿಯಿತು ಎನ್ನಬಹುದೇ?



ನಾನು ಜಾಲ್ಸೂರಿನವನು. ಈ ಬೆಟ್ಟದ ಕಚೇರಿಯಲ್ಲಿ ಸೇವಾ ರಶೀದಿ ಕೊಡುವ ಗುಮಾಸ್ತ. ಪಿ.ಯು.ಸಿ. ಆದ ಮೇಲೆ "ನನ್ನ ಓದು ಮುಗಿಯಿತು" ಎಂದು ಹೇಳಿಕೊಂಡೇ ಮೂವತ್ತು ವರ್ಷ ಕಳೆದೆ. ಓದು ನಿಜವಾಗಿ ಮುಗಿಯುತ್ತದೆಯೇ? ಈ ಪ್ರಶ್ನೆ ನನಗೆ ಹುಟ್ಟಿದ್ದು ನನ್ನದೇ ಒಂದು ತಪ್ಪಿನಿಂದ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಕಚೇರಿಗೆ ಕಂಪ್ಯೂಟರ್ ಬಂದಾಗ ನಾನು ಕಲಿಯಲಿಲ್ಲ. ಕೇಳಿದವರಿಗೆಲ್ಲ "ನನಗೆ ಗೊತ್ತುಂಟು" ಎಂದೆ. ಕೆಲಸವನ್ನು ಜೊತೆಯ ಹುಡುಗನಿಂದ ಮಾಡಿಸಿಕೊಂಡೆ. ಎರಡು ವರ್ಷ ಹೀಗೇ ನಡೆಯಿತು. ಒಂದು ಷಷ್ಠಿಯ ದಿನ ಅವನಿಗೆ ಜ್ವರ. ಕಿಟಕಿಯ ಹೊರಗೆ ಉದ್ದ ಸಾಲು. ದೂರದಿಂದ ಬಂದ ವೃದ್ಧ ದಂಪತಿ ಸೇವೆಗೆ ಮೊದಲೇ ಹಣ ಕಟ್ಟಿದ್ದೇವೆ ಎಂದರು. ಕಂಪ್ಯೂಟರಿನಲ್ಲಿ ಅವರ ಹೆಸರು ಹುಡುಕಲು ನನಗೆ ಬರುತ್ತಿರಲಿಲ್ಲ. ಬರುವುದಿಲ್ಲ ಎಂದು ಹೇಳಲು ನಾಚಿಕೆ. "ನಿಮ್ಮ ಹೆಸರು ಇಲ್ಲ ಅಜ್ಜಾ" ಎಂದುಬಿಟ್ಟೆ. ಅವರು ಏನೂ ಮಾತಾಡದೆ ಅಜ್ಜಿಯ ಕೈ ಹಿಡಿದು ಮೆಟ್ಟಿಲು ಇಳಿದರು. ಮರುದಿನ ಹುಡುಗ ತೆಗೆದು ತೋರಿಸಿದ. ಹೆಸರು ಇತ್ತು.

ಕಲಿಯದಿದ್ದರೆ ನಷ್ಟ ನನಗೆ ಮಾತ್ರ ಎಂದು ತಿಳಿದಿದ್ದೆ. ಹಾಗಲ್ಲ. ಗೊತ್ತಿಲ್ಲದಿರುವುದು ದೋಷವಲ್ಲ, ಗೊತ್ತಿದೆ ಎಂದು ನಟಿಸುವುದು ದೋಷ. ಅದರ ಫಲವನ್ನು ಬೇರೆಯವರು ಉಣ್ಣಬೇಕಾಗುತ್ತದೆ.

ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ, ವಿದ್ಯೆ ಮುಗಿಸಿ ಹೊರಟ ಶಿಷ್ಯನಿಗೆ ಗುರು ಹೇಳುವ ಮಾತುಗಳಲ್ಲಿ ಅಧ್ಯಯನವನ್ನು ಬಿಡಬೇಡ ಎಂಬುದೂ ಒಂದು. ಬೀಳ್ಕೊಡುವ ದಿನವೇ ಈ ಮಾತು ಏಕೆ? ಆಮೇಲೆ ಪರೀಕ್ಷೆ ಇಲ್ಲ, ಗದರುವವರಿಲ್ಲ. ನಾವೇ ನಮ್ಮನ್ನು ಕೂರಿಸಿ ಕಲಿಸಬೇಕು.

ದೂರ ಹೋಗುವುದು ಬೇಡ. ನಮ್ಮ ಪುತ್ತೂರಿನಲ್ಲಿ ಬಹುಕಾಲ ಇದ್ದ ಡಾ. ಶಿವರಾಮ ಕಾರಂತರು ಅಸಹಕಾರ ಚಳುವಳಿಯ ಕಾಲದಲ್ಲಿ ಕಾಲೇಜು ಬಿಟ್ಟವರು. ಆಮೇಲೆ ತಾವೇ ಓದಿ, ತಿರುಗಿ, ನೋಡಿ ಕಲಿತರು. ಮಕ್ಕಳಿಗೆ 'ಬಾಲ ಪ್ರಪಂಚ', ದೊಡ್ಡವರಿಗೆ 'ವಿಜ್ಞಾನ ಪ್ರಪಂಚ' ಬರೆದರು. 1977ರ ಜ್ಞಾನಪೀಠ ಪ್ರಶಸ್ತಿ ಪಡೆದರು. ಕಾಲೇಜು ಪೂರೈಸದ ಅವರಿಗೆ ವಿಶ್ವವಿದ್ಯಾನಿಲಯಗಳೇ ಡಾಕ್ಟರೇಟ್ ಕೊಟ್ಟು ಗೌರವಿಸಿದವು.

ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಶಾಲೆಗೇ ಹೋದವರಲ್ಲ. ತೆಂಗು, ಅಡಿಕೆ ಮರ ಹತ್ತುವ ಕೂಲಿ ಕೆಲಸ. ಸಿಕ್ಕಿದ ಬೋಳುಗುಡ್ಡದಲ್ಲಿ ನೀರಿಗಾಗಿ ಒಬ್ಬರೇ ಸುರಂಗ ಕೊರೆದರು. ಐದು ಸುರಂಗ ಕೈಕೊಟ್ಟವು, ಆರನೆಯದರಲ್ಲಿ ನೀರು ಬಂತು. ಅದೇ ಗುಡ್ಡ ತೋಟವಾಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸೋತ ಐದು ಸುರಂಗಗಳೇ ಅವರ ಪಾಠಶಾಲೆ ಎಂದು ನನಗೆ ತೋರುತ್ತದೆ.

ವಯಸ್ಸಾದ ಮೇಲೆ ತಲೆಗೆ ಹತ್ತುವುದಿಲ್ಲ ಎನ್ನುವವರಿದ್ದಾರೆ. ಸ್ವಲ್ಪ ನಿಜ. ನನಗೆ ಕಲಿಸಿದ್ದು ಪಿ.ಯು.ಸಿ. ಓದುತ್ತಿದ್ದ ತಂಗಿಯ ಮಗಳು. ಹೇಳಿದ್ದನ್ನು ಮರುದಿನವೇ ಮರೆಯುತ್ತಿದ್ದೆ. "ಮಾವಾ, ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ" ಎಂದಳು. ಬರೆದೆ. ತಿಂಗಳು ಹಿಡಿಯಿತು, ಆದರೆ ಬಂತು. ನನ್ನನ್ನು ಇಷ್ಟು ದಿನ ತಡೆದದ್ದು ವಯಸ್ಸಲ್ಲ, ಚಿಕ್ಕವರ ಮುಂದೆ ಬಗ್ಗಲಾರದ ಅಹಂಕಾರ.

ಮೊದಲು ಹುಡುಕಿ ತೆಗೆದದ್ದು ಆ ಅಜ್ಜನ ವಿಳಾಸ. ತಪ್ಪು ನನ್ನದು ಎಂದು ಬರೆದು, ಸೇವೆ ಮಾಡಿಸಿ ಪ್ರಸಾದ ಕಳುಹಿಸಿದೆ. ಉತ್ತರ ಬಂದಿಲ್ಲ.

ಬೆಟ್ಟ ಇಳಿಯುವಾಗ ನಿಮ್ಮ ಜೊತೆ ಮಕ್ಕಳೋ ಮೊಮ್ಮಕ್ಕಳೋ ಇದ್ದರೆ, ನಿಮಗೆ ಬಾರದ ಒಂದನ್ನು ಅವರಲ್ಲಿ ಕೇಳಿ ನೋಡಿ. "ನನಗೆ ಗೊತ್ತಿಲ್ಲ, ಹೇಳಿಕೊಡು" ಎನ್ನುವುದು ಸಣ್ಣ ಮಾತು. ನನಗೆ ಅದನ್ನು ಕಲಿಯಲು ಮೂವತ್ತು ವರ್ಷ ಬೇಕಾಯಿತು. ನಿಮಗೆ ಅಷ್ಟು ತಡವಾಗದಿರಲಿ.