ಮೆರೆಸಿದ ಅಜ್ಜ, ಮರೆಸಿದ ಅಜ್ಜಿ

ವಂಶದ ಬೇರನ್ನು ಹುಡುಕುವ ಹಂಬಲ ಮನುಷ್ಯನಿಗೆ ಸಹಜವಾದುದು. ಅಜ್ಜ ಎಲ್ಲಿಂದ ಬಂದರು, ಮುತ್ತಜ್ಜಿ ಯಾವ ಊರಿನವರು ಎಂದು ಮನೆಯ ಹಿರಿಯರನ್ನು ಕೇಳುತ್ತೇವೆ. ಹಳೆಯ ಪೆಟ್ಟಿಗೆಯಲ್ಲಿರುವ ದಸ್ತಾವೇಜುಗಳನ್ನು ಬಿಡಿಸಿ ನೋಡುತ್ತೇವೆ. ಇದರಲ್ಲಿ ತಪ್ಪೇನೂ ಇಲ್ಲ. ಕುಟುಂಬ ಸಂಬಂಧವನ್ನು ಉಳಿಸಿಕೊಳ್ಳಲು ಬೇಕಾದಷ್ಟು ವಂಶದ ಅರಿವನ್ನು ಪಡೆಯಬೇಕೆಂದು ಪ್ರವಾದಿವರ್ಯರೇ(ಸ) ಕಲಿಸಿದ್ದಾರೆ. ಆದರೆ ಹುಡುಕುವವರಿಗೆ ಸಿಗುವುದು ಯಾವಾಗಲೂ ಹೆಮ್ಮೆಯ ಸಂಗತಿಯೇ ಆಗಿರಬೇಕಿಲ್ಲ. ಮನೆಯವರು ಮೂರು ತಲೆಮಾರುಗಳಿಂದ ಬಾಯಿ ಬಿಡದ ವಿಷಯ ಒಂದು ಹಳೆಯ ಕಾಗದದಿಂದ ಬಯಲಾಗಬಹುದು. ಆಗ ನಾವೇನು ಮಾಡಬೇಕು? ತೀರಿಹೋದವರ ಮಾನ ಕಾಯಲು ಸುಮ್ಮನಿರಬೇಕೇ ಅಥವಾ ಇದ್ದುದನ್ನು ಇದ್ದಂತೆ ಹೇಳಬೇಕೇ?

ಈ ಪ್ರಶ್ನೆಗೆ ಮುಖಾಮುಖಿಯಾದವರಲ್ಲಿ ಗಾಯುತ್ರಾ ಬಹಾದೂರ್ ಒಬ್ಬರು. ಗಯಾನಾದಲ್ಲಿ ಹುಟ್ಟಿ ಬಾಲ್ಯದಲ್ಲೇ ಅಮೆರಿಕಕ್ಕೆ ಹೋಗಿ ನೆಲೆಸಿದ ಪತ್ರಕರ್ತೆ. ಅವರ ಮುತ್ತಜ್ಜಿ ಸುಜಾರಿಯಾ 1903ರಲ್ಲಿ ಕಲ್ಕತ್ತಾದಿಂದ ಹಡಗು ಹತ್ತಿ ಬ್ರಿಟಿಷ್ ಗಯಾನಾದ ಕಬ್ಬಿನ ತೋಟಕ್ಕೆ ಹೋದವರು. ಜೊತೆಗೆ ಗಂಡನಿರಲಿಲ್ಲ. ಆಕೆ ಗರ್ಭಿಣಿಯಾಗಿದ್ದರು. ಈ ಮುತ್ತಜ್ಜಿಯ ಜಾಡು ಹಿಡಿದು ಗಾಯುತ್ರಾ ಕಡತಗಳನ್ನು ತಡಕಿದರು, ಬಿಹಾರಕ್ಕೂ ಬಂದರು. ಅದರ ಫಲವೇ 2013ರಲ್ಲಿ ಪ್ರಕಟವಾದ ‘ಕೂಲಿ ವುಮನ್’ ಎಂಬ ಕೃತಿ.

ಇದರ ಹಿನ್ನೆಲೆಯನ್ನು ತುಸು ತಿಳಿಯಬೇಕು. ಬ್ರಿಟಿಷ್ ವಸಾಹತುಗಳಲ್ಲಿ 1834ರಲ್ಲಿ ಗುಲಾಮಗಿರಿ ರದ್ದಾದಾಗ ಸಕ್ಕರೆಯ ಧನಿಗಳಿಗೆ ಅಗ್ಗದ ದುಡಿಮೆಗಾರರು ಬೇಕಾದರು. ಅದೇ ವರ್ಷ ಮಾರಿಷಸ್‌ಗೆ, 1838ರಲ್ಲಿ ಗಯಾನಾಕ್ಕೆ, 1845ರಲ್ಲಿ ಟ್ರಿನಿಡಾಡ್‌ಗೆ, 1860ರಲ್ಲಿ ದಕ್ಷಿಣ ಆಫ್ರಿಕದ ನಟಾಲ್‌ಗೆ, 1879ರಲ್ಲಿ ಫಿಜಿಗೆ ನಮ್ಮ ದೇಶದ ಬಡವರನ್ನು ಕರಾರಿನ ಮೇಲೆ ಸಾಗಿಸಲಾಯಿತು. ಸಾಮಾನ್ಯವಾಗಿ ಐದು ವರ್ಷಗಳ ಕರಾರು. ‘ಅಗ್ರಿಮೆಂಟ್’ ಎಂಬ ಮಾತು ಅವರ ಬಾಯಲ್ಲಿ ‘ಗಿರ್ಮಿಟ್’ ಆಯಿತು, ಅವರು ‘ಗಿರ್ಮಿಟಿಯಾ’ಗಳಾದರು. ಗಯಾನಾ ಒಂದಕ್ಕೇ 1917ರವರೆಗೆ ಸುಮಾರು 2,39,000 ಮಂದಿ ಹೋದರು. 1860ರಿಂದ 1911ರವರೆಗೆ ನಟಾಲ್ ಸೇರಿದ 1,52,000ಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಮಂದಿ ಮದ್ರಾಸ್ ಬಂದರಿನಿಂದ ಹೊರಟವರು. ಅವರಲ್ಲಿ ಮೈಸೂರು ಸೀಮೆಯವರೂ ಇದ್ದರು.

ಹೀಗೆ ಹೋದ ಒಬ್ಬೊಬ್ಬರಿಗೂ ಒಂದೊಂದು ಕಾಗದ. ಹೆಸರು, ತಂದೆಯ ಹೆಸರು, ಪ್ರಾಯ, ಜಾತಿ, ಊರು, ಠಾಣೆ, ಜಿಲ್ಲೆ, ಎತ್ತರ, ಮೈಮೇಲಿನ ಗುರುತು ಎಲ್ಲವೂ ಅದರಲ್ಲಿದೆ. ಇಂದು ಮರಿಮಕ್ಕಳಿಗೆ ತಮ್ಮ ಹಿರಿಯರನ್ನು ಪತ್ತೆಹಚ್ಚಲು ನೆರವಾಗುತ್ತಿರುವುದು ಅದೇ ಕಾಗದ. ಆದರೆ ಅದನ್ನು ಬರೆದದ್ದು ಮರಿಮಕ್ಕಳಿಗಾಗಿ ಅಲ್ಲ, ಕರಾರಿನ ಆಳನ್ನು ಗುರುತಿಸಲಿಕ್ಕಾಗಿ. ಆದ್ದರಿಂದಲೇ ಗಾಯದ ಕಲೆ ಎಲ್ಲಿದೆ ಎಂಬುದು ಅದರಲ್ಲಿದೆ, ಮನೆ ಬಿಟ್ಟದ್ದೇಕೆ ಎಂಬುದಿಲ್ಲ. ಸುಜಾರಿಯಾ ವಿಧವೆಯಾಗಿದ್ದರೇ? ಹೊಡೆತ ತಾಳಲಾರದೆ ಓಡಿಬಂದವರೇ? ಅರ್ಕಾಟಿಗಳೆಂಬ ದಲ್ಲಾಳಿಗಳ ಮೋಸಕ್ಕೆ ಸಿಕ್ಕಿದವರೇ? ನೂರು ಗಂಡಸರಿಗೆ ನಲವತ್ತು ಹೆಂಗಸರನ್ನಾದರೂ ಒಯ್ಯಬೇಕೆಂಬ ನಿಯಮವಿದ್ದುದರಿಂದ ದಲ್ಲಾಳಿಗಳು ಒಂಟಿ ಹೆಂಗಸರಿಗಾಗಿ ಹೊಂಚು ಹಾಕುತ್ತಿದ್ದರು. ಹಾಗೆ ಬಂದವರನ್ನು ಅಂದಿನ ಅಧಿಕಾರಿಗಳು ನಡತೆಗೆಟ್ಟವರೆಂದು ಬರೆದಿಟ್ಟದ್ದೂ ಉಂಟು. ಮನೆಯವರು ಮೌನ ತಾಳಿದ್ದರೆ ಅದರಲ್ಲಿ ಆಶ್ಚರ್ಯವೇನಿದೆ? ಗಾಯುತ್ರಾ ತಮ್ಮ ಕೃತಿಯಲ್ಲಿ ಈ ಖಾಲಿ ಜಾಗವನ್ನು ಕಟ್ಟುಕಥೆಯಿಂದ ತುಂಬಲಿಲ್ಲ. ಅಲ್ಲಿ ಪ್ರಶ್ನೆಗಳನ್ನೇ ಇಟ್ಟರು. ಅರಿವಿಲ್ಲದ ವಿಷಯದ ಬೆನ್ನು ಹತ್ತಬಾರದೆಂಬ ಕುರ್‌ಆನಿನ ಎಚ್ಚರಿಕೆಯನ್ನು ಬಲ್ಲ ನಮಗೆ ಇದರ ಬೆಲೆ ತಿಳಿಯುವುದು ಕಷ್ಟವಲ್ಲ.

ಈಗ ಮೂಲ ಪ್ರಶ್ನೆಗೆ ಬರೋಣ. ಮೃತರ ಒಳಿತನ್ನು ನೆನೆಯಿರಿ, ಅವರನ್ನು ನಿಂದಿಸಬೇಡಿ ಎಂಬುದು ಪ್ರವಾದಿವರ್ಯರ(ಸ) ಬೋಧನೆ. ಇತರರ ಲೋಪವನ್ನು ಮುಚ್ಚುವವನ ಲೋಪವನ್ನು ಅಲ್ಲಾಹನು ಮುಚ್ಚುವನೆಂಬ ಶುಭವಾರ್ತೆಯೂ ಇದೆ. ಇನ್ನೊಂದೆಡೆ, ಸ್ವತಃ ತಮ್ಮ ಅಥವಾ ತಮ್ಮ ಹೆತ್ತವರ, ಬಂಧುಗಳ ವಿರುದ್ಧವಾದರೂ ನ್ಯಾಯಕ್ಕೆ ಸಾಕ್ಷಿಗಳಾಗಿ ನಿಲ್ಲಬೇಕೆಂದು ಕುರ್‌ಆನ್ ಆಜ್ಞಾಪಿಸುತ್ತದೆ. ಮೇಲ್ನೋಟಕ್ಕೆ ಇವೆರಡೂ ಒಂದಕ್ಕೊಂದು ಎದುರಾಗಿರುವಂತೆ ಕಾಣುತ್ತದೆ.

ಆದರೆ ಮುಚ್ಚಬೇಕಾದುದು ಯಾವುದು ಎಂದು ವಿವೇಚಿಸಿದರೆ ಗೊಂದಲ ತಿಳಿಯಾಗುತ್ತದೆ. ಮುಚ್ಚಬೇಕಾದುದು ಪಾಪವನ್ನು. ಬಡತನ ಪಾಪವೇ? ಮೋಸ ಹೋದದ್ದು ಪಾಪವೇ? ಕೂಲಿಯಾಳಾಗಿ ದುಡಿದದ್ದು, ಒಂಟಿಯಾಗಿ ಕಡಲು ದಾಟಿದ್ದು ಪಾಪವೇ? ಅದರ ನಾಚಿಕೆ ಇರಬೇಕಾದುದು ದಲ್ಲಾಳಿಗೆ, ತೋಟದ ಧನಿಗೆ, ಈ ವ್ಯವಹಾರಕ್ಕೆ ಕಾನೂನಿನ ಮುದ್ರೆಯೊತ್ತಿದ ಸರಕಾರಕ್ಕೆ. ಹಿರಿಯರ ಸಂಕಷ್ಟವನ್ನು ನಾವು ಬಚ್ಚಿಟ್ಟಾಗ ಕಾಪಾಡುವುದು ಅವರ ಮಾನವನ್ನಲ್ಲ, ನಮ್ಮ ಪ್ರತಿಷ್ಠೆಯನ್ನು. ಅವರ ಬದುಕು ನಾಚಿಕೆಗೇಡೆಂದು ನಾವೇ ತೀರ್ಪು ಕೊಟ್ಟಂತಾಗುತ್ತದೆ.

ಹಿರಿಯರು ನಿಜವಾಗಿ ತಪ್ಪು ಮಾಡಿದ್ದರೆ? ಅದು ಅವರ ಮತ್ತು ಅವರ ಪ್ರಭುವಿನ ನಡುವಿನ ವಿಷಯವಾಗಿದ್ದರೆ ಕೆದಕುವ ಅಗತ್ಯವಿಲ್ಲ. ಇನ್ನೊಬ್ಬರ ಹಕ್ಕು ಅದರಲ್ಲಿದ್ದರೆ ಮಾತು ಬೇರೆ. ಕಡಲಾಚೆ ಹೋದ ಅಜ್ಜ ಊರಿನಲ್ಲಿ ಹೆಂಡತಿ ಮಕ್ಕಳನ್ನು ಕೈಬಿಟ್ಟಿದ್ದಾರೆಂದು ಕಾಗದ ಹೇಳಿದರೆ, ಆ ಮಕ್ಕಳ ಸಂತತಿ ನಮ್ಮ ಬಂಧುಗಳೇ. ಅಲ್ಲಿ ಮೌನವೆಂದರೆ ಲೋಪವನ್ನು ಮುಚ್ಚುವುದಲ್ಲ, ಸಂಬಂಧವನ್ನು ಕಡಿಯುವುದು.

ಈ ಮಾತು ದೂರದ ಗಯಾನಾಕ್ಕೆ ಮಾತ್ರ ಅನ್ವಯಿಸುವುದೇ? ನಮ್ಮ ಕರಾವಳಿಯ ನವಾಯತರು, ಬ್ಯಾರಿಗಳು ಅರಬ್ ವ್ಯಾಪಾರಿಗಳೊಂದಿಗಿನ ಸಂಬಂಧವನ್ನು ನೆನೆಯುತ್ತಾರೆ. ಆ ನೆನಪಿಗೆ ಇತಿಹಾಸದ ಬಲವೂ ಇದೆ. ಆದರೆ ಹಡಗಿನಲ್ಲಿ ಬಂದ ಅಜ್ಜನನ್ನು ಸಾರಿ ಹೇಳುವ ನಾವು, ಇದೇ ಮಣ್ಣಿನಲ್ಲಿ ಹುಟ್ಟಿ ಆತನಿಗೆ ಆಸರೆಯಾದ ಅಜ್ಜಿಯನ್ನು ಎಷ್ಟು ನೆನೆಯುತ್ತೇವೆ? ನಮ್ಮ ಊಟ, ನಮ್ಮ ಜೋಗುಳ, ನಾವಾಡುವ ಮಾತು ಆಕೆ ಕೊಟ್ಟದ್ದು. ಆಕೆಯ ಕುಲವನ್ನು ಕೇಳಿದರೆ ಮಾತ್ರ ಮಾತು ತೇಲಿಸುತ್ತೇವೆ. ಒಬ್ಬನನ್ನು ಆತನ ತಾಯಿಯ ಹೆಸರೆತ್ತಿ ಹೀಯಾಳಿಸಿದ ಅಬೂದರ್‌ರಲ್ಲಿ(ರ) ಇನ್ನೂ ಅಜ್ಞಾನ ಕಾಲದ ಗುಣ ಉಳಿದಿದೆಯೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದರು. ಬೇರೆಯವರ ತಾಯಿಯನ್ನು ಹೀಯಾಳಿಸುವುದು ಅಜ್ಞಾನವಾದರೆ, ನಮ್ಮದೇ ತಾಯಂದಿರನ್ನು ಮರೆಸುವುದು ಏನು?

ದಕ್ಷಿಣ ಆಫ್ರಿಕದ ಡರ್ಬನ್ ನಗರದಲ್ಲಿ ಬಾದ್‌ಷಾ ಪೀರ್ ಎಂಬ ಸಂತರ ಸಮಾಧಿಯಿದೆ. 1860ರಲ್ಲಿ ಮದ್ರಾಸಿನಿಂದ ಕೂಲಿಯಾಳುಗಳನ್ನು ಹೊತ್ತು ನಟಾಲ್ ತಲುಪಿದ ಮೊದಲ ಹಡಗು ‘ಟ್ರೂರೊ’ದಲ್ಲಿ ಅವರು ಬಂದರೆಂದು ಅಲ್ಲಿನ ಜನ ನಂಬಿದ್ದಾರೆ. ಸಮಾಧಿಯ ಕುರಿತ ಆಚರಣೆಗಳ ಬಗ್ಗೆ ಭಿನ್ನಾಭಿಪ್ರಾಯವಿರಬಹುದು, ಅದು ಇಲ್ಲಿನ ವಿಷಯವಲ್ಲ. ತಾವು ಗೌರವಿಸುವ ಹಿರಿಯರು ಕೂಲಿಯಾಗಿ ಬಂದವರೆಂದು ಹೇಳಲು ಆ ಜನರಿಗೆ ಸಂಕೋಚವಿಲ್ಲ ಎಂಬುದಷ್ಟೇ ನಮಗೆ ಮುಖ್ಯ.

ಕರ್ಮದಲ್ಲಿ ಹಿಂದೆ ಬಿದ್ದವನನ್ನು ವಂಶವು ಮುಂದೆ ಒಯ್ಯಲಾರದು ಎಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಹಾಗಿರುವಾಗ ವಂಶದ ಕಡತ ತೆರೆಯುವ ನಾವು ಅದರಲ್ಲಿ ಕಿರೀಟವನ್ನು ಹುಡುಕುವುದು ವ್ಯರ್ಥ. ಯಾರ ಹೆಸರು ಅಲ್ಲಿ ಅಳಿಸಿಹೋಗಿದೆ, ಯಾರ ಹಕ್ಕು ಬಾಕಿ ಉಳಿದಿದೆ ಎಂದು ಹುಡುಕೋಣ. ಸಿಕ್ಕಿದ ಹೆಸರನ್ನು ಮಕ್ಕಳಿಗೆ ಹೇಳಿಕೊಡೋಣ, ನಮ್ಮ ಪ್ರಾರ್ಥನೆಗಳಲ್ಲಿ ಸೇರಿಸಿಕೊಳ್ಳೋಣ.