ವಿಷದ ಕಣವೂ ಕಡಲೂ

ಸಮಂತಭದ್ರಾಚಾರ್ಯರು ತಮ್ಮ ಸ್ವಯಂಭೂ ಸ್ತೋತ್ರದಲ್ಲಿ ವಾಸುಪೂಜ್ಯ ತೀರ್ಥಂಕರರನ್ನು ಸ್ತುತಿಸುವಾಗ ಒಂದು ಉಪಮೆಯನ್ನು ಬಳಸಿದ್ದಾರೆ. ಜಿನಪೂಜೆಯಲ್ಲಿ ಅನಿವಾರ್ಯವಾಗಿ ಒದಗುವ ಅಲ್ಪದೋಷವು ಅದರಿಂದ ಲಭಿಸುವ ಪುಣ್ಯರಾಶಿಯನ್ನು ಕೆಡಿಸಲಾರದು. ಶೀತಲವಾದ ಅಪಾರ ಜಲರಾಶಿಯನ್ನು ವಿಷದ ಒಂದು ಕಣವು ಕೆಡಿಸಲಾರದಷ್ಟೆ, ಎಂಬುದು ಅದರ ತಾತ್ಪರ್ಯ. ಬಸದಿಗಳಲ್ಲಿ ಪೂಜಾವಿಧಿಯ ಚರ್ಚೆ ನಡೆದಾಗಲೆಲ್ಲ ಈ ಮಾತು ಸ್ಮರಣೆಗೆ ಬರುವುದುಂಟು.

ಇದೇ ಉಪಮೆಯು ಗೃಹಸ್ಥರ ವ್ಯವಹಾರದಲ್ಲಿ ಬೇರೊಂದು ವೇಷವನ್ನು ಧರಿಸಿರುವುದು ವಿಚಾರಾರ್ಹ. ಗದ್ದೆಯ ನೀರು ಹಳ್ಳಕ್ಕೆ ಹೋದರೇನು, ಹಳ್ಳ ಹೊಳೆಗೆ ಸೇರಿದರೇನು, ಹೊಳೆಯನ್ನೆಲ್ಲ ನುಂಗುವ ಕಡಲೊಂದು ಇದ್ದೇ ಇದೆಯಲ್ಲ ಎಂಬ ಸಮಾಧಾನ ಜನರ ಮನಸ್ಸಿನಲ್ಲಿ ನೆಲೆಸಿದೆ. ಆಚಾರ್ಯರು ಭಕ್ತಿಯ ಮಹತ್ತನ್ನು ತಿಳಿಸಲು ಕೊಟ್ಟ ದೃಷ್ಟಾಂತವು ಕಡಲಿಗೆ ವಿಷ ಸುರಿಯಲು ಕೊಟ್ಟ ಪರವಾನಗಿಯಲ್ಲ. ಅವರು ಹೇಳಿದ್ದು ಒಂದು ಕಣದ ಮಾತು. ಕಣಗಳನ್ನು ಬಿಡುವವರು ಲಕ್ಷಾಂತರ ಜನರಾದಾಗ, ಅವರಲ್ಲಿ ಯಾರಿಗೂ ಕೇಡು ಮಾಡುವ ಸಂಕಲ್ಪವಿಲ್ಲದಿದ್ದಾಗ, ದೋಷವು ಯಾರದು? ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಸಮಾಜವು ಈ ಪ್ರಶ್ನೆಯನ್ನು ಬದಿಗಿರಿಸುವಂತಿಲ್ಲ.

ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ವಾಸಿಸುವವರಿಗೆ ಕಡಲು ದೂರದ ಸಂಗತಿ. ಅನೇಕರು ಅದನ್ನು ತೀರ್ಥಯಾತ್ರೆಯ ಕಾಲದಲ್ಲಿ ಮಾತ್ರ ಕಂಡಿರುತ್ತಾರೆ. ಆದರೆ ಈ ಸೀಮೆಯ ಪ್ರತಿಯೊಂದು ಹಳ್ಳಕ್ಕೂ ಕಡಲಿನ ದಾರಿ ತಿಳಿದಿದೆ. ಸುರಪುರ, ಶಹಾಪುರಗಳ ಒಂದು ಮಗ್ಗುಲಲ್ಲಿ ಕೃಷ್ಣೆ, ಇನ್ನೊಂದು ಮಗ್ಗುಲಲ್ಲಿ ಭೀಮೆ. ಎರಡೂ ರಾಯಚೂರು ಜಿಲ್ಲೆಯ ಕಾಡ್ಲೂರಿನ ಬಳಿ ಕೂಡಿ, ಜುರಾಲ, ಶ್ರೀಶೈಲ, ನಾಗಾರ್ಜುನಸಾಗರಗಳನ್ನು ದಾಟಿ, ವಿಜಯವಾಡದ ಪ್ರಕಾಶಂ ಬ್ಯಾರೇಜನ್ನು ಹಾಯ್ದು, ಹಂಸಲದೀವಿಯ ಬಳಿ ಬಂಗಾಳ ಉಪಸಾಗರವನ್ನು ಸೇರುತ್ತವೆ. ಅಲ್ಲಿಯ ಮುಖಜಭೂಮಿಯಲ್ಲಿ ಕಾಂಡ್ಲಾ ಕಾಡುಗಳಿವೆ. ಕಡಲಾಮೆಗಳು ಮೊಟ್ಟೆಯಿಡಲು ಆ ದಡಕ್ಕೆ ಬರುತ್ತವೆ. ಸಹಸ್ರಾರು ಬೆಸ್ತರ ಕುಟುಂಬಗಳು ಆ ನೀರನ್ನೇ ನಂಬಿವೆ.

ಈ ಸೀಮೆಯು ಹಿಂದೆ ಜೋಳ, ಸಜ್ಜೆ, ತೊಗರಿ, ಶೇಂಗಾಗಳ ನಾಡು. 1964ರಲ್ಲಿ ಆಲಮಟ್ಟಿಯಲ್ಲಿ ಶಂಕುಸ್ಥಾಪನೆಯಾದ ಕೃಷ್ಣಾ ಮೇಲ್ದಂಡೆ ಯೋಜನೆಯ ಫಲವಾಗಿ 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಸಿದ್ಧವಾಯಿತು; ಎಡದಂಡೆ ಕಾಲುವೆಯೂ ಅದರ ಶಹಾಪುರ ಶಾಖೆಯೂ ಬರಡು ನೆಲಕ್ಕೆ ನೀರು ತಂದವು. ಗುಳೆ ಹೋಗುತ್ತಿದ್ದ ಕುಟುಂಬಗಳು ಅನ್ನ ಕಂಡವು. ಈ ಉಪಕಾರವನ್ನು ಮರೆತು ಮಾತನಾಡುವುದು ಕೃತಘ್ನತೆಯಾದೀತು. ಯೋಜನೆಯು ಉದ್ದೇಶಿಸಿದ್ದು ಮಿತ ನೀರಿನ ಬೆಳೆಗಳನ್ನು. ಜನರು ಬಹುಮಟ್ಟಿಗೆ ಅವಲಂಬಿಸಿದ್ದು ಭತ್ತವನ್ನು. ನೀರು ನಿಂತ ಕಡೆ ಭೂಮಿ ಸವಳು–ಜವುಳಾಯಿತು. ಕಾಲುವೆಯ ಕೊನೆಯ ರೈತನಿಗೆ ನೀರು ತಲುಪದಾಯಿತು. ಭತ್ತದ ಬೆನ್ನಿಗೆ ಹಳ್ಳಿಯವರು ಸರ್ಕಾರಿ ಗೊಬ್ಬರವೆಂದು ಕರೆಯುವ ಯೂರಿಯಾ, ಡಿಎಪಿಗಳ ಚೀಲಗಳು ಬಂದವು.

ಇಂಥ ಒಂದು ಚೀಲದ ಜಮಾ–ಖರ್ಚನ್ನು ನೋಡುವುದು ಉಚಿತ. 45 ಕಿಲೋ ಯೂರಿಯಾದಲ್ಲಿ ನೂರಕ್ಕೆ 46ರಂತೆ ಸುಮಾರು 20.7 ಕಿಲೋ ಸಾರಜನಕವಿರುತ್ತದೆ. ನೀರು ನಿಂತ ಗದ್ದೆಯಲ್ಲಿ ಅದರ ಮೂರನೆಯ ಒಂದು ಪಾಲು, ಹೆಚ್ಚೆಂದರೆ ಇನ್ನೂ ಸ್ವಲ್ಪ, ಪೈರಿಗೆ ದಕ್ಕುತ್ತದೆ. ಅಂದರೆ ಏಳೆಂಟು ಕಿಲೋ. ಉಳಿದುದರಲ್ಲಿ ಒಂದು ಭಾಗ ಅಮೋನಿಯಾ ಮೊದಲಾದ ಅನಿಲಗಳಾಗಿ ಗಾಳಿಗೆ ಹೋಗುತ್ತದೆ. ಒಂದು ಭಾಗ ಮಣ್ಣಿನಲ್ಲಿ ಉಳಿಯುತ್ತದೆ. ಒಂದು ಭಾಗ ನೈಟ್ರೇಟ್ ಆಗಿ ಅಂತರ್ಜಲಕ್ಕೂ ಹಳ್ಳಕ್ಕೂ ಇಳಿಯುತ್ತದೆ. ಡಿಎಪಿಯ ರಂಜಕವು ಮಣ್ಣಿನ ಕಣಗಳಿಗೆ ಅಂಟಿಕೊಂಡು ಕೆಸರು ನೀರಿನೊಡನೆ ಸಾಗುತ್ತದೆ. ಗೊಬ್ಬರ ಚೆಲ್ಲಿದ ಮರುದಿನವೇ ದೊಡ್ಡ ಮಳೆ ಬಂದರೆ ಅಥವಾ ಬದು ಒಡೆದು ನೀರು ಹೊರಬಿಟ್ಟರೆ ಈ ನಷ್ಟ ಇಮ್ಮಡಿಯಾಗುವುದೂ ಉಂಟು. ಅಂಗಡಿಯ ಮಾಲಿನಲ್ಲಿ ಮೂರರಲ್ಲಿ ಎರಡು ಪಾಲು ದಾರಿಯಲ್ಲೇ ಸೋರಿ ಹೋಗುವುದಾದರೆ ಯಾವ ವ್ಯಾಪಾರಿಯೂ ಸುಮ್ಮನಿರಲಾರನು. ಹೊಲದ ಸೋರಿಕೆ ಕಣ್ಣಿಗೆ ಕಾಣದ ಕಾರಣ ಅದು ಯಾರ ಖಾತೆಯಲ್ಲಿಯೂ ಬರೆಯಲ್ಪಡುವುದಿಲ್ಲ.

ಸೋರಿದ ಗೊಬ್ಬರವು ನೀರಿನಲ್ಲಿಯೂ ಗೊಬ್ಬರವಾಗಿಯೇ ಕೆಲಸ ಮಾಡುತ್ತದೆ. ಪಾಚಿಯೂ ಸೂಕ್ಷ್ಮ ಸಸ್ಯಗಳೂ ಮಿತಿಮೀರಿ ಬೆಳೆಯುತ್ತವೆ. ಸತ್ತು ಕೆಳಗಿಳಿದು ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕವನ್ನು ಕಬಳಿಸುತ್ತವೆ. ಮೀನು, ಸೀಗಡಿ, ಏಡಿಗಳು ಉಸಿರಿಲ್ಲದೆ ಸಾಯುತ್ತವೆ ಅಥವಾ ಸ್ಥಳ ಬಿಟ್ಟು ಹೋಗುತ್ತವೆ. ಸುಗ್ಗಿಯನ್ನು ತಂದ ವಸ್ತುವೇ ಮತ್ತೊಂದು ಲೋಕದಲ್ಲಿ ಬರಗಾಲವಾಗುತ್ತದೆ.

ಬಂಗಾಳ ಉಪಸಾಗರದ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮವಾಗಿದೆ. ಅದರ ಮಧ್ಯದ ಆಳದಲ್ಲಿ, ಸುಮಾರು 100ರಿಂದ 400 ಮೀಟರುಗಳ ನಡುವೆ, ಆಮ್ಲಜನಕವು ಬಹುತೇಕ ಇಲ್ಲದ ವಿಸ್ತಾರವಾದ ಪ್ರದೇಶವೊಂದಿದೆ. 2016ರ ಡಿಸೆಂಬರಿನಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಸಂಶೋಧನೆಯೊಂದರಲ್ಲಿ ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಭಾಗಿಗಳಾಗಿದ್ದರು. ಅಲ್ಲಿ ಉಳಿದಿರುವ ಅತ್ಯಲ್ಪ ಆಮ್ಲಜನಕವೇ ಸಾಗರದ ಸಮತೋಲವನ್ನು ಕಾಯುತ್ತಿದೆಯೆಂದೂ, ಪೋಷಕಾಂಶಗಳ ಹೊರೆ ಹೆಚ್ಚಿದರೆ ಆ ಸಮತೋಲ ತಪ್ಪಬಹುದೆಂದೂ ಅವರು ತೋರಿಸಿದರು. ಆ ಪ್ರದೇಶವನ್ನು ಸುರಪುರದ ರೈತನು ಸೃಷ್ಟಿಸಿದನೆಂದು ಹೇಳುವುದು ಅಸತ್ಯ. ಅದು ಬಹುಮಟ್ಟಿಗೆ ಪ್ರಕೃತಿಯ ರಚನೆ. ಆದರೆ ತುದಿಯಲ್ಲಿ ನಿಂತವನಿಗೆ ಸಣ್ಣ ನೂಕೂ ಸಾಕು. ಕಡಲಿನ ಅಗಾಧತೆಯನ್ನು ನಂಬಿ ನಿಶ್ಚಿಂತರಾಗಿರುವ ಕಾಲ ಕಳೆದುಹೋಗಿದೆ.

ಇನ್ನೊಂದು ಆಕ್ಷೇಪವನ್ನೂ ಪರಿಶೀಲಿಸಬೇಕು. ಕೃಷ್ಣೆಯ ನೀರೆಲ್ಲ ಅಣೆಕಟ್ಟುಗಳಲ್ಲಿಯೇ ಬಳಕೆಯಾಗಿ, ಬರದ ವರ್ಷಗಳಲ್ಲಿ ಕಡಲಿಗೆ ಹನಿಯೂ ಹೋಗುವುದು ಕಷ್ಟವೆಂದು ಕೆಲವರು ಹೇಳುವರು. ಇದು ನಿಜವೇ. ಆಗ ಹೊರೆಯು ಕೆಳಗಿನ ಜಲಾಶಯಗಳಲ್ಲಿಯೂ ಕುಡಿಯುವ ನೀರಿನಲ್ಲಿಯೂ ಕೂಡಿಕೊಳ್ಳುತ್ತದೆ. 2009ರ ಅಕ್ಟೋಬರಿನಂಥ ಮಹಾಪೂರ ಬಂದಾಗ ಒಮ್ಮೆಗೇ ಹರಿದುಹೋಗುತ್ತದೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕವು ವಿಧಿಸಿದೆ. ಮೀರಿದರೆ ಎಳೆಯ ಕೂಸುಗಳ ರಕ್ತವು ಆಮ್ಲಜನಕವನ್ನು ಒಯ್ಯುವ ಶಕ್ತಿಯನ್ನು ಕಳೆದುಕೊಳ್ಳುವ ಭಯವಿದೆ. ಕಡಲನ್ನು ಕಾಯುವ ಕೆಲಸವು ನೆರೆಯ ಊರಿನ ಮಗುವನ್ನು ಕಾಯುವುದರಿಂದಲೇ ಆರಂಭವಾಗುತ್ತದೆ.

ಪೋಷಕಾಂಶವು ಮಿತಿಮೀರಿದಾಗ ಮಾತ್ರ ವಿಷ. ಕೆಲವು ವಸ್ತುಗಳು ಮಿತಿಯಲ್ಲಿಯೂ ವಿಷವೇ. ಜಪಾನಿನ ಮಿನಮಾತಾದಲ್ಲಿ ಕಾರ್ಖಾನೆಯೊಂದು 1932ರಿಂದ 1968ರವರೆಗೆ ಪಾದರಸದ ತ್ಯಾಜ್ಯವನ್ನು ಕೊಲ್ಲಿಗೆ ಬಿಟ್ಟಿತು. ಅದು ಮೀನುಗಳಲ್ಲಿ ಸೇರಿ, ಮೀನು ತಿಂದ ಬೆಕ್ಕುಗಳನ್ನೂ ಮನುಷ್ಯರನ್ನೂ ನರರೋಗದಿಂದ ನರಳಿಸಿತು. ತಾಯಿಯ ಗರ್ಭದಲ್ಲಿದ್ದ ಶಿಶುಗಳೂ ಉಳಿಯಲಿಲ್ಲ. ರೋಗವು 1956ರಲ್ಲಿಯೇ ಬೆಳಕಿಗೆ ಬಂದರೂ ತ್ಯಾಜ್ಯವು ಮತ್ತೆ 12 ವರ್ಷ ಹರಿಯಿತು. ಯಾದಗಿರಿ ಜಿಲ್ಲೆಯ ಕಡೇಚೂರು–ಬಾಡಿಯಾಳದಲ್ಲಿಯೂ ಮೂರು ಸಾವಿರ ಎಕರೆಗೂ ಮಿಕ್ಕ ಕೈಗಾರಿಕಾ ಪ್ರದೇಶವಿದ್ದು, ಔಷಧ ಮತ್ತು ರಾಸಾಯನಿಕ ಘಟಕಗಳು ಅಲ್ಲಿ ನೆಲೆಯೂರಿವೆ. ದುರ್ವಾಸನೆ ಹಾಗೂ ತ್ಯಾಜ್ಯದ ಬಗ್ಗೆ ಸುತ್ತಲಿನ ಗ್ರಾಮಸ್ಥರು ದೂರಿದ್ದಾರೆ. ಉದ್ಯೋಗ ಬೇಕು, ಔಷಧವೂ ಬೇಕು. ಆದರೆ ಅವುಗಳ ಬೆಲೆಯನ್ನು ಹಳ್ಳದ ನೀರು ಕುಡಿಯುವ ದನಕರುಗಳಿಂದ ವಸೂಲು ಮಾಡುವುದು ನ್ಯಾಯವೆನಿಸದು.

ಜೈನ ಆಚಾರಶಾಸ್ತ್ರವು ಗೃಹಸ್ಥನಿಗೆ ಅಸಾಧ್ಯವಾದುದನ್ನು ವಿಧಿಸಿಲ್ಲ. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಮೊದಲನೆಯದನ್ನು ಸಂಪೂರ್ಣವಾಗಿ ತ್ಯಜಿಸಬೇಕೆಂದೂ ಉಳಿದವುಗಳಲ್ಲಿ ವಿವೇಕದಿಂದ ವರ್ತಿಸಬೇಕೆಂದೂ ಅದು ತಿಳಿಸುತ್ತದೆ. ಉಳುವವನ ಹಿಂಸೆಯು ಉದ್ಯೋಗೀ ಹಿಂಸೆ. ಹೊಟ್ಟೆಪಾಡಿಗಾಗಿ ಉಳುವ ರೈತನನ್ನು ಪಾಪಿಯೆಂದು ಕರೆಯುವ ಅಧಿಕಾರ, ಆತನು ಬೆಳೆದ ಅಕ್ಕಿಯನ್ನು ಉಣ್ಣುವ ಯಾರಿಗೂ ಇಲ್ಲ.

ಆದರೆ ಈ ವಿನಾಯಿತಿಗೆ ಒಂದು ಎಲ್ಲೆಯಿದೆ. ಪ್ರಯೋಜನವಿಲ್ಲದ ಹಿಂಸೆಯನ್ನು ಬಿಡುವ ಅನರ್ಥದಂಡ ವ್ರತವೇ ಆ ಎಲ್ಲೆ. ರತ್ನಕರಂಡ ಶ್ರಾವಕಾಚಾರವು ಹೇಳುವ ಅದರ ಐದು ಭೇದಗಳಲ್ಲಿ ಪ್ರಮಾದಚರ್ಯೆಯೂ ಒಂದು. ಅಗತ್ಯವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು ಮೊದಲಾದುವು ಅದರಲ್ಲಿ ಅಡಕವಾಗಿವೆ. ಈ ದೃಷ್ಟಿಯಿಂದ ಯೂರಿಯಾದ ಚೀಲವನ್ನು ನೋಡಿದರೆ ಧರ್ಮದ ಲೆಕ್ಕ ಸ್ಪಷ್ಟವಾಗುತ್ತದೆ. ಪೈರು ಉಂಡ ಏಳೆಂಟು ಕಿಲೋ ಅರ್ಥ. ಸೋರಿದುದರಲ್ಲಿಯೂ ಒಂದು ಭಾಗವನ್ನು ಎಷ್ಟೇ ಎಚ್ಚರಿಕೆ ವಹಿಸಿದರೂ ತಡೆಯಲಾಗದು. ಅದು ಉದ್ಯೋಗದೊಡನೆ ಬರುವ ಅನಿವಾರ್ಯ ದೋಷ. ತಡೆಯಬಹುದಾಗಿದ್ದರೂ ಅಜಾಗರೂಕತೆಯಿಂದ ಹರಿಯಬಿಟ್ಟುದು ಮಾತ್ರ ಅನರ್ಥ. ಯಾರ ಹೊಟ್ಟೆಯನ್ನೂ ತುಂಬದೆ ಅಪ್ಕಾಯ ಜೀವಗಳಿಂದ ತೊಡಗಿ ಪಂಚೇಂದ್ರಿಯ ಜೀವಗಳವರೆಗೆ ಕೇಡನ್ನುಂಟುಮಾಡುವ ಈ ಪಾಲಿಗೆ ಬಡತನವೂ ಉದ್ಯೋಗವೂ ಸಮರ್ಥನೆಯಾಗಲಾರವು. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣದಲ್ಲಿ ಪ್ರಮಾದಕ್ಕೆ ಮೊದಲ ಸ್ಥಾನ ನೀಡಿರುವುದರ ಅರ್ಥವೂ ಇದೇ. ಕೊಲ್ಲುವ ಬಯಕೆ ಇರಲಿಲ್ಲವೆಂಬುದು ಪೂರ್ಣ ಉತ್ತರವಲ್ಲ. ಎಚ್ಚರವಿತ್ತೇ ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ಈ ಎಚ್ಚರದ ಹೊಣೆ ರೈತನೊಬ್ಬನದೇ ಅಲ್ಲ. ಮಾಡಿದವನು, ಮಾಡಿಸಿದವನು, ಒಪ್ಪಿದವನು ಮೂವರೂ ಕರ್ಮಕ್ಕೆ ಭಾಗಿಗಳೆಂಬುದು ಪ್ರಸಿದ್ಧ ಸಿದ್ಧಾಂತ. ಉದ್ರಿಯ ಮೇಲೆ ಗೊಬ್ಬರ ಮತ್ತು ‘ಎಣ್ಣೆ’ ಕೊಡುವ ಅಂಗಡಿಕಾರನ ಮಾತಿಗೆ ಹಳ್ಳಿಯ ರೈತನು ಬಹಳ ಬೆಲೆ ಕೊಡುತ್ತಾನೆ. ಎರಡು ಚೀಲ ಸಾಕಾಗುವಲ್ಲಿ ನಾಲ್ಕನ್ನು ಕಟ್ಟಿಕೊಡುವ ಲಾಭವು ಅಹಿಂಸೆಯ ದೃಷ್ಟಿಯಿಂದ ಕಲುಷಿತವಾದ ಲಾಭ. ಉಪಾಸಕದಶಾಂಗವು ಶ್ರಾವಕನು ವರ್ಜಿಸಬೇಕಾದ 15 ಕರ್ಮಾದಾನಗಳಲ್ಲಿ ವಿಷವಾಣಿಜ್ಯವನ್ನು ಎಣಿಸಿರುವುದನ್ನು ವರ್ತಕ ಸಮಾಜವು ಮರೆಯಬಾರದು. ತಾನು ಮಾರದಿದ್ದರೆ ಪಕ್ಕದ ಅಂಗಡಿಯವನು ಮಾರುತ್ತಾನೆ ಎಂಬ ಮಾತು ವ್ಯವಹಾರದಲ್ಲಿ ಸತ್ಯವಿರಬಹುದು. ಗಿರಾಕಿ ಕೈತಪ್ಪುವ ಭಯವೂ ಸಣ್ಣದಲ್ಲ. ಆದರೂ ಪರರ ಖಾತೆಯನ್ನು ತೋರಿಸಿ ಸ್ವಂತ ಖಾತೆಯ ಬಾಕಿಯನ್ನು ಯಾರೂ ತೀರಿಸಿಲ್ಲ. ಮಣ್ಣು ಪರೀಕ್ಷೆಯ ಚೀಟಿ ನೋಡಿ ಗೊಬ್ಬರ ಕೊಡುವ ಅಂಗಡಿಗೆ ಮೊದಲ ವರ್ಷ ನಷ್ಟವಾದರೂ ಕಾಲಕ್ರಮೇಣ ರೈತನ ವಿಶ್ವಾಸ ಲಭಿಸಬಹುದು. ಲಭಿಸದಿದ್ದರೂ ಧರ್ಮ ಉಳಿಯುತ್ತದೆ.

ಜಮೀನುಳ್ಳ ಕುಟುಂಬಗಳೂ ದೇವಸ್ಥಾನದ ಟ್ರಸ್ಟುಗಳೂ ಹೊಲವನ್ನು ಲಾವಣಿಗೆ ಕೊಡುವಾಗ ಹಣದ ಮಾತಿನೊಡನೆ ನೀರಿನ ಮಾತನ್ನೂ ಆಡಬೇಕು. ಗೊಬ್ಬರವನ್ನು ಒಮ್ಮೆಗೇ ಚೆಲ್ಲದೆ ಪೈರಿನ ವಯಸ್ಸಿಗೆ ತಕ್ಕಂತೆ ಎರಡು ಮೂರು ಕಂತುಗಳಲ್ಲಿ ಕೊಡುವುದು, ಕೊಟ್ಟ ನಂತರ ಕೆಲವು ದಿನ ಬದುವಿನ ಬಾಯಿ ಕಟ್ಟುವುದು, ಹಳ್ಳದ ಅಂಚಿನಲ್ಲಿ ಹುಲ್ಲು–ಗಿಡಗಳ ಪಟ್ಟಿಯನ್ನು ಬಿಡುವುದು, ಔಷಧದ ಡಬ್ಬಿಗಳನ್ನು ಕಾಲುವೆಯಲ್ಲಿ ತೊಳೆಯದಿರುವುದು, ಇವು ಹೆಚ್ಚಿನ ಹಣ ಬೇಡುವ ಕಾರ್ಯಗಳಲ್ಲ. ಇವುಗಳನ್ನು ಪಾಲಿಸುವ ಬಡ ರೈತನಿಗೆ ಲಾವಣಿಯಲ್ಲಿ ಒಂದಿಷ್ಟು ಬಿಡುವ ಔದಾರ್ಯವನ್ನು ಟ್ರಸ್ಟು ತೋರಿದರೆ ಅದೂ ಜೀವದಯೆಯ ದಾನವೇ. ಕಾರ್ಖಾನೆಗಳಲ್ಲಿ ಬಂಡವಾಳ ಹೂಡಿದವರು ಲಾಭಾಂಶದ ಜೊತೆಗೆ ತ್ಯಾಜ್ಯವು ಎಲ್ಲಿಗೆ ಹೋಗುತ್ತದೆಂದು ವಿಚಾರಿಸುವುದು ಕರ್ತವ್ಯ. ಮುನಿಗಳು ಪಾಲಿಸುವ ಐದು ಸಮಿತಿಗಳಲ್ಲಿ ಉತ್ಸರ್ಗ ಸಮಿತಿಯೂ ಒಂದು. ಬಿಸಾಡುವ ಸ್ಥಳವನ್ನು ಮೊದಲು ನೋಡಿ, ಜೀವಿಗಳಿಲ್ಲದ ಕಡೆ ವಿಸರ್ಜಿಸುವುದೇ ಅದರ ನಿಯಮ. ದೇಹದ ಮಲಕ್ಕೆ ಇಷ್ಟು ಎಚ್ಚರವನ್ನು ವಿಧಿಸಿದ ಪರಂಪರೆಯು ಕಾರ್ಖಾನೆಯ ಮಲಕ್ಕೆ ಕಡಿಮೆ ಎಚ್ಚರ ಸಾಕೆಂದು ಹೇಳಲಾರದು.

ಒಬ್ಬರಿಂದ ಏನಾದೀತು ಎಂಬ ನಿರಾಶೆಗೆ ಬಾಲ್ಟಿಕ್ ಸಮುದ್ರವು ಉತ್ತರ ನೀಡುತ್ತದೆ. ಕಿರಿದಾದ ಬಾಯಿಯುಳ್ಳ ಆ ಸಮುದ್ರದ ನೀರು ಹೊಸದಾಗಲು ಸುಮಾರು 30 ವರ್ಷ ಬೇಕು. ಸುತ್ತಲಿನ ದೇಶಗಳು ರಾಜಕೀಯವಾಗಿ ಎರಡು ಪಾಳೆಯಗಳಾಗಿದ್ದ 1974ರಲ್ಲಿಯೇ ಹೆಲ್ಸಿಂಕಿಯಲ್ಲಿ ಒಡಂಬಡಿಕೆಗೆ ಸಹಿ ಹಾಕಿದವು. ಹರಿದುಬರುವ ಪೋಷಕಾಂಶಗಳನ್ನು ಗಣನೀಯವಾಗಿ ಇಳಿಸಿದರೂ, ತಳದ ಕೆಸರಿನಲ್ಲಿ ಹಿಂದಿನ ತಲೆಮಾರು ಬಿಟ್ಟ ರಂಜಕ ಇಂದಿಗೂ ಮೇಲೇಳುತ್ತಿದೆ. ಒಟ್ಟಾಗಿ ಮಾಡಿದ ಕೇಡನ್ನು ಒಟ್ಟಾಗಿಯೇ ತಿದ್ದಬೇಕು. ತಡಮಾಡಿದಷ್ಟೂ ಮೊಮ್ಮಕ್ಕಳ ತಲೆಗೆ ಸಾಲ ಬೆಳೆಯುತ್ತದೆ. ಸಂಚಿತ ಕರ್ಮದ ಸ್ವರೂಪವನ್ನು ಬಲ್ಲವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ.

ಹಿಂದಿನ ಶ್ರಾವಕರ ಮನೆಗಳಲ್ಲಿ ನೀರನ್ನು ಬಟ್ಟೆಯಿಂದ ಗಾಳಿಸುವುದರಲ್ಲಿಯೇ ಕರ್ತವ್ಯ ಮುಗಿಯುತ್ತಿರಲಿಲ್ಲ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಿಗಳನ್ನು ಗಾಳಿಸಿದ ನೀರಿನಿಂದಲೇ ಮೆಲ್ಲನೆ ತೊಳೆದು, ಯಾವ ಬಾವಿಯಿಂದ ನೀರು ಬಂದಿತ್ತೋ ಅದೇ ಬಾವಿಗೆ ಜಾಗರೂಕತೆಯಿಂದ ಇಳಿಸಬೇಕಿತ್ತು. ತನ್ನ ಬಾಯಿಗೆ ಶುದ್ಧವಾದ ನೀರು ಸಿಕ್ಕರೆ ಸಾಲದು, ನೀರಿನ ಮೂಲಕ್ಕೆ ಹಿಂದಿರುಗುವುದೂ ಅಹಿಂಸೆಗೆ ತಕ್ಕುದಾಗಿರಬೇಕು ಎಂಬ ವಿವೇಕ ಆ ಚಿಕ್ಕ ಆಚಾರದಲ್ಲಿತ್ತು. ಈಗ ಮನೆಮನೆಗೂ ನೀರು ಶುದ್ಧೀಕರಿಸುವ ಯಂತ್ರ ಬಂದಿದೆ. ಆಚಾರದ ಮೊದಲರ್ಧ ಸುಲಭವಾಗಿದೆ. ಎರಡನೆಯ ಅರ್ಧವನ್ನು ಗದ್ದೆಯ ಬದುವಿನಲ್ಲಿಯೂ ಅಂಗಡಿಯ ಗಲ್ಲೆಯಲ್ಲಿಯೂ ಕಾರ್ಖಾನೆಯ ತೂಬಿನಲ್ಲಿಯೂ ಪಾಲಿಸುವ ಹೊಣೆ ಇಂದಿನ ಶ್ರಾವಕರ ಮೇಲಿದೆ. ಕೃಷ್ಣೆಯು ಈ ಸೀಮೆಗೆ ಕೊಟ್ಟ ನೀರಿನ ಋಣವು ಅದರಿಂದ ಸ್ವಲ್ಪಮಟ್ಟಿಗಾದರೂ ತೀರೀತು.