ತುಟ್ಟಿ ಎಲ್ಲರಿಗೆ, ಭತ್ಯೆ ಯಾರಿಗೆ?

‘ತುಟ್ಟಿಭತ್ಯೆ’ ಎಂಬ ಪದವನ್ನೇ ನೋಡಿ. ತುಟ್ಟಿ ಎಲ್ಲರ ಮನೆಗೂ ಬರುತ್ತದೆ. ಭತ್ಯೆ ಮಾತ್ರ ಸರ್ಕಾರಿ ನೌಕರರಿಗೆ, ಅವರ ಪಿಂಚಣಿಗೆ. ಮಧುಗಿರಿ, ಶಿರಾ, ಕೊರಟಗೆರೆ ಕಡೆ ಚಪ್ಪಲಿ ಹೊಲಿಯುವ, ಕಂಬಳಿ ನೇಯುವ ಎಪ್ಪತ್ತರ ತಾತಂದಿರಿಗೆ ದಾರ, ಉಣ್ಣೆ, ಮಾತ್ರೆ ಎಲ್ಲವೂ ದುಬಾರಿ. ಸ್ವಂತ ಕಸುಬಿನವರು, ದರ ಏರಿಸಿಕೊಳ್ಳಲಿ ಎನ್ನುತ್ತೇವೆ. ಹತ್ತು ರೂಪಾಯಿ ಹೆಚ್ಚು ಕೇಳಿದರೆ ‘ಇಷ್ಟೊಂದಾ ತಾತ?’ ಎಂದು ಚೌಕಾಸಿಗೆ ಇಳಿಯುವವರೂ ನಾವೇ. ಬರುವ ಗಿರಾಕಿಗಳಲ್ಲಿ ಹೆಚ್ಚಿನವರೂ ಬಡವರೇ, ಅವರನ್ನು ದೂರುವುದೂ ಸುಲಭವಲ್ಲ.

ಅರವತ್ತೈದು ದಾಟಿದ ಅಸಂಘಟಿತ ದುಡಿಮೆಗಾರರಿಗೆ ಸಂಧ್ಯಾ ಸುರಕ್ಷಾ ಯೋಜನೆ ಇದೆ. 2021ರಲ್ಲಿ ಅದರ ಮೊತ್ತ ಸಾವಿರದಿಂದ 1,200 ರೂಪಾಯಿಗೆ ಏರಿತು. ಪಾವಗಡಕ್ಕೆ ಮೂರು ಕಡೆಯೂ ಆಂಧ್ರ. ಗಡಿಯಾಚೆ ವೃದ್ಧಾಪ್ಯ ಪಿಂಚಣಿ 2024ರಲ್ಲಿ 4,000 ಆಯಿತು. ಬಿಸಿಲು ಒಂದೇ, ಬೆಲೆಯೂ ಹೆಚ್ಚುಕಮ್ಮಿ ಒಂದೇ. ಹಾಗೆಂದು ಅಲ್ಲಿನದು ನ್ಯಾಯ, ಇಲ್ಲಿನದು ಅನ್ಯಾಯ ಎನ್ನಲಾರೆ. ಅಲ್ಲಿ ಏರಿದ್ದೂ ಚುನಾವಣೆಯ ಭರವಸೆಯಿಂದಲೇ, ಬೆಲೆಯ ಲೆಕ್ಕದಿಂದಲ್ಲ.

ನೌಕರರ ಭತ್ಯೆ ಬೆಲೆ ಸೂಚ್ಯಂಕ ನೋಡಿ ಏರುತ್ತದೆ, ಅದನ್ನು ಯಾರೂ ಔದಾರ್ಯ ಎನ್ನುವುದಿಲ್ಲ. ಐವತ್ತು ವರ್ಷ ಊರಿನವರ ಚಪ್ಪಲಿ ಹೊಲಿದವರಿಗೆ ಕೊಡುವಾಗ ಮಾತ್ರ ಅದು ಕೊಡುಗೆಯಾಗುತ್ತದೆ. ಅವರು ದುಡಿದದ್ದು ಊರಿಗೇ ಅಲ್ಲವೇ? ನೇಮಕಾತಿ ಪತ್ರವೊಂದು ಇರಲಿಲ್ಲ, ಅಷ್ಟೆ.